ದೀಪದೆಣ್ಣೆಯ ದತ್ತಿ

ಮನೆಯಲ್ಲಿ ಮಂಗಳಕಾರ್ಯವೊಂದು ನಿಶ್ಚಯವಾದೊಡನೆಯೆ ಗೃಹಸ್ಥನು ಮೊದಲು ಮಾಡುವ ಕೆಲಸವೆಂದರೆ ವೆಚ್ಚದ ಪಟ್ಟಿಯನ್ನು ಬರೆಯುವುದು. ಚಪ್ಪರಕ್ಕಿಷ್ಟು, ವಾದ್ಯದವರಿಗಿಷ್ಟು, ಅಡಿಗೆಯವರಿಗಿಷ್ಟು, ಉಡುಗೊರೆಗಿಷ್ಟು ಎಂದು ಆ ಪಟ್ಟಿಯು ಬೆಳೆಯುತ್ತ ಹೋಗುವುದನ್ನು ನಮ್ಮ ವಾಚಕರಲ್ಲಿ ಕಾಣದವರಾರು? ಆ ಪಟ್ಟಿಯ ಕಡೆಯಲ್ಲಿ ‘ಓದುವ ಮಕ್ಕಳ ದೀಪದೆಣ್ಣೆಗೆ ಇಷ್ಟು’ ಎಂದು ಒಂದು ಸಾಲನ್ನು ಕೂಡಿಸಿರೆಂದು ನಾವು ಸೂಚಿಸಿದರೆ, ‘ಇದೇನು ಹೊಸ ಪದ್ಧತಿ?’ ಎಂದು ಹಲವರು ನಕ್ಕಾರು. ಆದರೆ ಈ ಪದ್ಧತಿಯು ಹೊಸದಲ್ಲ. ಸಾವಿರ ವರುಷಗಳಿಗಿಂತಲೂ ಹಳೆಯದು. ಕನ್ನಡನಾಡಿನ ಒಂದು ಊರಿನ ಗೃಹಸ್ಥರು ಇದನ್ನು ಒಪ್ಪಿಕೊಂಡು, ಒಪ್ಪಿಕೊಂಡುದನ್ನು ಕಲ್ಲಿನಲ್ಲಿ ಬರೆಯಿಸಿಯೂ ಇಟ್ಟಿರುವರು. ಆ ಸಂಗತಿಯನ್ನು ಮುಂದೆ ಹೇಳುವೆವು. ಅದಕ್ಕೆ ಮೊದಲು, ಈ ವಿಚಾರವು ನಮ್ಮ ಮನಸ್ಸಿನಲ್ಲಿ ಹುಟ್ಟಲು ಕಾರಣವಾದ ಒಂದು ಚಿಕ್ಕ ಪ್ರಸಂಗವನ್ನು ಅರಿಕೆಮಾಡುವುದು ಯುಕ್ತವೆಂದು ತೋರುತ್ತದೆ.

ಕಳೆದ ಮಾಘಮಾಸದಲ್ಲಿ ಸೇಡಮಿಗೆ ಹೋಗುವ ಕಾರ್ಯವೊದಗಿ, ನಾವು ವಾಡಿಯ ನಿಲ್ದಾಣದಲ್ಲಿ ಗಾಡಿಯ ದಾರಿ ಕಾಯುತ್ತ ಕುಳಿತಿದ್ದೆವು. ಮುಂಬಯಿಯಿಂದ ಮದರಾಸಿನ ಕಡೆಗೆ ಹೋಗುವ ರೈಲುಹಾದಿಯಿಂದ ಹೈದರಾಬಾದಿನ ಹಾದಿಯು ಕವಲೊಡೆಯುವ ಸ್ಥಳವೇ ವಾಡಿ. ೧೮೭೪ರಲ್ಲಿ ನಿಜಾಮರ ಸಂಸ್ಥಾನದ ರೈಲು ಇಲ್ಲಿಂದ ಸಿಕಂದರಾಬಾದಿಗೆ ಓಡತೊಡಗಿದಂದಿನಿಂದ, ಈ ಭಾಗದ ಜನರು ನ್ಯಾಯಕ್ಕೆ, ನೌಕರಿಗೆ, ಔಷಧೋಪಚಾರಕ್ಕೆ ಹೋಗುವಾಗಲೆಲ್ಲ ಇಲ್ಲಿಯೇ ಗಾಡಿ ಬದಲಿಸುತ್ತ ಬಂದಿರುವರು. ನಮ್ಮ ಪಕ್ಕದಲ್ಲಿ ಇಪ್ಪತ್ತನಾಲ್ಕೈದು ವರುಷದ ಹುಡುಗಿಯೊಬ್ಬಳು ಕುಳಿತಿದ್ದಳು. ಅವಳ ತೊಡೆಯ ಮೇಲೆ ಬಟ್ಟೆಯ ಚೀಲ. ಚೀಲದಲ್ಲಿ ಜೋಳದ ರೊಟ್ಟಿಯ ಗಂಟು, ನಾಲ್ಕೆಂಟು ಪುಸ್ತಕ. ಕೈಯಲ್ಲಿ ರಟ್ಟಿನ ಹೊದಿಕೆಯ ಒಂದು ಲೆಕ್ಕದ ಪುಸ್ತಕ.

“ಎಲ್ಲಿ ತನಕ ಹೊಂಟೀ ತಂಗಿ?” ಎಂದು ಕೇಳಿದೆವು.

“ಹೈದರಾಬಾದಿಗಿ ಹೊಂಟೀನ್ರಿ ಕಾಕಾ. ಅಲ್ಲಿ ಸರ್ಕಾರದ ಹಳೀ ಕಾಗದ ನೋಡೋದದರಿ,” ಎಂದಳು.

ಮಾತು ಬೆಳೆಯಿತು. ಅವಳು ಚಿಂಚೋಳಿ ತಾಲೂಕಿನ ಒಂದು ತಾಂಡಾದವಳು. ಕಲಬುರಗಿಯಲ್ಲಿ ಕನ್ನಡ ಎಂ.ಎ. ಮುಗಿಸಿ, ಈಗ ಸಂಶೋಧನೆಗೆ ತೊಡಗಿರುವಳು. ಅವಳ ಮನೆಯಲ್ಲಿ ಅವಳಿಗಿಂತ ಮೊದಲು ಹತ್ತನೆಯ ಇಯತ್ತೆಯನ್ನು ದಾಟಿದವರಿಲ್ಲ. ಅವಳು ಎತ್ತಿಕೊಂಡ ವಿಷಯವಾದರೂ ಎಂತಹದು! ಶಹಾಬಾದದ ಕಲ್ಲುಗಣಿಗಳಲ್ಲಿ ದುಡಿದ ಹೆಂಗಸರ ಬದುಕು ಮತ್ತು ಅವರ ಹಾಡುಗಳು. ಶಹಾಬಾದದ ಫರಸಿಯನ್ನು ಹಾಸದ ಮನೆ ನಮ್ಮಲ್ಲಿ ಎಷ್ಟಿವೆ? ಆ ಫರಸಿಯ ಮೇಲೆ ಕುಳಿತು ಉಣ್ಣುವ ನಾವು, ಅದನ್ನು ಹೊತ್ತವರ ಬಾಯಲ್ಲಿ ಯಾವ ಹಾಡು ಇತ್ತೆಂಬುದನ್ನು ಎಂದಾದರೂ ಕೇಳಿರುವೆವೇ? ಈ ಹುಡುಗಿ ಕೇಳಹೊರಟಿದ್ದಳು.

ಗಣಿಗಳ ಹಳೆಯ ಗುತ್ತಿಗೆಗಳ, ಕೂಲಿಯ ಕಾಗದಪತ್ರಗಳನ್ನು ಹುಡುಕುವುದಕ್ಕೆ ಅವಳು ಹೈದರಾಬಾದಿಗೆ ಹೊರಟಿದ್ದಳು. ೧೯೪೮ರವರೆಗೆ ಈ ಸೀಮೆಯು ನಿಜಾಮರ ಆಳಿಕೆಯಲ್ಲಿದ್ದುದರಿಂದ, ಸರ್ಕಾರದ ದಫ್ತರಗಳು ಹೈದರಾಬಾದಿನ ತಾರನಾಕಾದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಉರ್ದು ಫಾರಸಿಗಳಲ್ಲಿ ಇರುವುವು. ಕಲಬುರಗಿ ಜಿಲ್ಲೆಯು ೧೯೫೬ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಕಾಗದಗಳು ಮಾತ್ರ ಹಿಂದೆಯೇ ಉಳಿದುವು. ಆದುದರಿಂದ ಕನ್ನಡದಲ್ಲಿ ಪ್ರಬಂಧ ಬರೆಯುವ ಈ ಹುಡುಗಿಯು ಎರಡು ವರುಷ ಕಷ್ಟಪಟ್ಟು ಉರ್ದು ಓದಲು ಕಲಿತಿರುವಳು.

ಅವಳ ಕೈಯಲ್ಲಿದ್ದ ಲೆಕ್ಕದ ಪುಸ್ತಕವನ್ನು ನೋಡಲು ಕೇಳಿದೆವು; ಸಂಕೋಚದಿಂದ ಕೊಟ್ಟಳು. ಅದರಲ್ಲಿ ಬಸ್ಸಿನ ಚಾರ್ಜು, ನೆರಳಚ್ಚಿನ ವೆಚ್ಚ, ಧ್ವನಿಯಂತ್ರದ ದುರಸ್ತಿ, ಹಾಡಿದ ಮುದುಕಿಯರಿಗೆ ಎಲೆ ಅಡಿಕೆ ಸಕ್ಕರೆ, ಒಂದು ದಿನದ ಕೂಲಿಯನ್ನು ಬಿಟ್ಟು ಹಾಡಲು ಕುಳಿತವಳಿಗೆ ಆ ದಿನದ ಕೂಲಿ ಎಂದು ಪೈಸೆಪೈಸೆಯನ್ನೂ ಬರೆದಿಟ್ಟಿದ್ದಳು. ಹೈದರಾಬಾದಿನಲ್ಲಿ ಹದಿನೈದು ದಿನ ನಿಂತು ಕಾಗದಗಳನ್ನು ನೋಡಿ ನಕಲು ಮಾಡಿಕೊಳ್ಳಲು ತಗಲುವ ಅಂದಾಜು, ಎಷ್ಟು ಹಿಡಿತದಿಂದ ಹಾಕಿದರೂ ಆರು ಸಾವಿರ ರೂಪಾಯಿ. ಈ ಆರು ಸಾವಿರಕ್ಕಾಗಿ ಅವಳು ಒಂಬತ್ತು ತಿಂಗಳು ಕಾದಿದ್ದಳು. ಒಂದು ಕಚೇರಿಯಿಂದ ಬರಬೇಕಾಗಿದ್ದ ಸಾದಿಲ್ವಾರು ಹಣವು ‘ಇಂದು ನಾಳೆ’ ಎನ್ನುತ್ತ ಬಾರದೆ ಹೋಯಿತು. ಯಾವ ಕಚೇರಿಯೆಂಬುದು ಇಲ್ಲಿ ಬೇಡ; ಅಂತಹ ಕಚೇರಿಗಳು ಅನೇಕ. ಕಡೆಗೆ ಅವಳ ಸೋದರತ್ತೆಯು ಕುರಿ ಮಾರಿದ ರೊಕ್ಕವನ್ನು ಕಡವಾಗಿ ಕೊಟ್ಟು ಕಳುಹಿಸಿದ್ದಳು.

“ತಡವಾದರೇನಾಯಿತು, ಈಗಲಾದರೂ ಹೊರಟೆಯಲ್ಲ,” ಎಂದು ಸಮಾಧಾನ ಹೇಳಿದೆವು.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಾಗದ ಎಲ್ಲೂ ಹೋಗಲ್ಲರಿ ಕಾಕಾ. ಶಹಾಬಾದದಾಗ ಒಬ್ಬ ಆಯಿ ಇದ್ದಳ್ರಿ. ‘ದೀವಳಿಗಿ ಆದಮ್ಯಾಲ ಬಾ, ಎಲ್ಲಾ ಹಾಡು ಹಾಡ್ತೀನಿ’ ಅಂದಿದ್ದಳು. ಯಂತ್ರ ಕೆಟ್ಟಿತ್ತು, ರಿಪೇರಿಗಿ ರೊಕ್ಕ ಇರಲಿಲ್ಲ. ನಾ ಹೋಗೋದ್ರಾಗ ಆಯಿ ತೀರಿಹೋಗಿದ್ದಳ್ರಿ. ಹಾಡು ಆಕಿ ಜೋಡೀನೇ ಹೋದ್ವು,” ಎಂದಳು.

ವಾಚಕರೇ, ಸಂಶೋಧನೆಯ ಧನಸಹಾಯವೆಂದರೆ ಏನೋ ದೊಡ್ಡ ಪಟ್ಟಣದ, ದೊಡ್ಡ ವಿದ್ವಾಂಸರ ವಿಷಯವೆಂದು ನಾವು ಅಂದಿನವರೆಗೆ ತಿಳಿದಿದ್ದೆವು. ಅದು ಸಮಯಕ್ಕೆ ಸರಿಯಾಗಿ ಕೈಗೆ ಬರಬೇಕಾದ ಎಂಟುನೂರು ರೂಪಾಯಿಯ ವಿಷಯವೆಂಬುದು ವಾಡಿಯ ನಿಲ್ದಾಣದ ಆ ಕಲ್ಲುಬೆಂಚಿನ ಮೇಲೆ ನಮಗೆ ಗೊತ್ತಾಯಿತು.

ನಾಗಾವಿಯ ಕಲ್ಲು

ಗಾಡಿ ಬಂದಿತು, ಇಬ್ಬರೂ ಒಂದೇ ಡಬ್ಬಿಯಲ್ಲಿ ಕುಳಿತೆವು. ವಾಡಿಯನ್ನು ಬಿಟ್ಟ ಗಾಡಿ ಸ್ವಲ್ಪ ಹೊತ್ತಿನಲ್ಲಿಯೇ ಚಿತ್ತಾಪುರವನ್ನು ಮುಟ್ಟುವುದು. ಚಿತ್ತಾಪುರದ ನೆರೆಯಲ್ಲಿಯೇ ನಾಗಾವಿಯಿದೆ. ನಾಗಾವಿಯ ಎಲ್ಲಮ್ಮನ ಜಾತ್ರೆಗೆ ಹೋಗಿಬಂದ ವಾಚಕರು ಅಲ್ಲಿಯ ಅರವತ್ತು ಕಂಬದ ಗುಡಿಯನ್ನು ನೋಡಿಯೇ ಇರುವರು. ಆದರೆ ಅಲ್ಲಿಯ ಶಾಸನವು ಏನು ಹೇಳುತ್ತದೆಂಬುದನ್ನು ಎಷ್ಟು ಮಂದಿ ವಿಚಾರಿಸಿರುವರು?

೧೦೫೮ರಲ್ಲಿ, ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದಲ್ಲಿ, ಇಲ್ಲಿ ಒಂದು ಘಟಿಕಾಸ್ಥಾನವಿದ್ದಿತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದೊಂದು ವಿದ್ಯಾಪೀಠ. ವೇದವನ್ನು ಓದುವ ೨೦೦ ವಿದ್ಯಾರ್ಥಿಗಳು, ಶಾಸ್ತ್ರವನ್ನು ಓದುವ ೫೨ ವಿದ್ಯಾರ್ಥಿಗಳು, ಅವರಿಗೆ ಪಾಠ ಹೇಳುವ ಉಪಾಧ್ಯಾಯರು, ಇವರೆಲ್ಲರ ಯೋಗಕ್ಷೇಮಕ್ಕೆ ಅಲ್ಲಿ ಏರ್ಪಾಡಾಗಿದ್ದಿತು. ನ್ಯಾಸವ್ಯಾಕರಣ, ಭಾಟ್ಟ ಮತ್ತು ಪ್ರಾಭಾಕರ ಮೀಮಾಂಸೆ ಮೊದಲಾದ ಕಠಿನ ವಿಷಯಗಳನ್ನು ಅಲ್ಲಿ ಬೋಧಿಸುತ್ತಿದ್ದರು. ಇದಕ್ಕಿಂತಲೂ ನಮ್ಮನ್ನು ಬೆರಗುಗೊಳಿಸುವ ಸಂಗತಿ ಇನ್ನೊಂದಿದೆ. ಗ್ರಂಥಗಳನ್ನು ಕಾಪಾಡುವುದಕ್ಕೆಂದು ೬ ಮಂದಿ ಸರಸ್ವತೀಭಂಡಾರಿಗರನ್ನು ಅಲ್ಲಿ ನಿಯಮಿಸಿದ್ದರು. ತಾಳೆಗರಿಯ ಕಾಲದಲ್ಲಿ ಒಂದೇ ವಿದ್ಯಾಸ್ಥಾನಕ್ಕೆ ಆರು ಮಂದಿ ಗ್ರಂಥಪಾಲರು! ಇಂದು ನಮ್ಮ ತಾಲೂಕಿನ ಎಷ್ಟು ಕಾಲೇಜುಗಳಲ್ಲಿ ಒಬ್ಬ ಗ್ರಂಥಪಾಲನಾದರೂ ಖಾಯಮಾಗಿ ಇರುವನೆಂಬುದನ್ನು ವಾಚಕರೇ ವಿಚಾರಿಸಿ ನೋಡಲಿ.

ಈ ದತ್ತಿಯಲ್ಲಿ ಗಮನಿಸತಕ್ಕ ಅಂಶವೊಂದಿದೆ. ದಾನಿಯು ‘ವಿದ್ಯೆಗೆ ಸಹಾಯವಾಗಲಿ’ ಎಂದು ಒಟ್ಟಿನಲ್ಲಿ ಹೇಳಿ ಕೈತೊಳೆದುಕೊಳ್ಳಲಿಲ್ಲ. ಓದುವವರೆಷ್ಟು, ಓದಿಸುವವರೆಷ್ಟು, ಪುಸ್ತಕ ಕಾಯುವವರೆಷ್ಟು, ಅವರ ಅಶನವಸನಗಳಿಗೆ ಯಾವ ಭೂಮಿಯ ಉತ್ಪನ್ನ ಎಂಬುದನ್ನೆಲ್ಲ ಎಣಿಸಿ ಗೊತ್ತುಮಾಡಿದನು. ವಿದ್ಯೆಯು ದೊಡ್ಡ ಮಾತಿನಿಂದ ನಡೆಯುವುದಿಲ್ಲ, ದಿನದಿನದ ಚಿಕ್ಕ ವೆಚ್ಚದಿಂದ ನಡೆಯುವುದೆಂಬುದು ಆ ಕಾಲದವರಿಗೆ ಚೆನ್ನಾಗಿ ತಿಳಿದಿದ್ದಿತು.

ಆದರೆ ಒಂದು ಮಾತನ್ನು ಮರೆಮಾಚಬಾರದು. ನಾಗಾವಿಯ ಆ ಘಟಿಕಾಸ್ಥಾನದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ನಮ್ಮ ಎದುರಿಗೆ ಕುಳಿತಿದ್ದ ತಾಂಡಾದ ಹುಡುಗಿಗೆ ಅಲ್ಲಿ ಸ್ಥಾನವಿರುತ್ತಿರಲಿಲ್ಲ. ಆ ಗುಡಿಯ ಕಲ್ಲನ್ನು ಹೊತ್ತವರ ಮಕ್ಕಳಿಗೂ ಇರುತ್ತಿರಲಿಲ್ಲ. ಆದುದರಿಂದ ಹಿಂದಿನವರ ಲೆಕ್ಕಾಚಾರವನ್ನು ನಾವು ಕಲಿಯೋಣ. ಅವರ ಬಾಗಿಲನ್ನು ಮಾತ್ರ ಅಗಲಮಾಡೋಣ.

ಮಳಖೇಡದ ನೆರಳಿನಲ್ಲಿ

ಚಿತ್ತಾಪುರದ ಮುಂದೆ ಮಳಖೇಡದ ನಿಲ್ದಾಣ. ಕಾಗಿಣಾ ನದಿಯ ದಂಡೆಯ ಈ ಊರೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವೆಂಬುದನ್ನು ಶಾಲೆಯ ಹುಡುಗರೂ ಬಲ್ಲರು. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಪುರಾತನ ಗ್ರಂಥವಾದ ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಹತ್ತನೆಯ ಶತಮಾನದಲ್ಲಿ ಮೂರನೆಯ ಕೃಷ್ಣನು ಪೊನ್ನನಿಗೆ ಆಶ್ರಯವಿತ್ತನು. ಅದೇ ಶತಮಾನದಲ್ಲಿ ಪುಷ್ಪದಂತನು ಇಲ್ಲಿಯೇ ಕುಳಿತು ಅಪಭ್ರಂಶಭಾಷೆಯಲ್ಲಿ ಮಹಾಪುರಾಣವನ್ನು ಬರೆದನು. ಇದು ರಾಜಾಶ್ರಯದ ಕಥೆ, ಎಲ್ಲರೂ ಕೇಳಿದ್ದು. ಆದರೆ ಅದೇ ಮೂರನೆಯ ಕೃಷ್ಣನ ಕಾಲದ ಇನ್ನೊಂದು ಕಥೆಯು ಗೃಹಸ್ಥರಾದ ನಮಗೆ ಹೆಚ್ಚು ಸಮೀಪವಾದುದು.

ಇಂದಿನ ವಿಜಯಪುರ ಜಿಲ್ಲೆಯ ಇಂಡಿಯ ಹತ್ತಿರ ಸಾಲೋಟಗಿಯೆಂಬ ಊರಿದೆ. ೯೪೫ರಲ್ಲಿ ಕೃಷ್ಣರಾಜನ ಮಂತ್ರಿಯಾದ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ ೨೭ ಮನೆಗಳಿದ್ದುವು. ವಿದ್ಯಾರ್ಥಿಗಳು ರಾತ್ರಿಯಲ್ಲಿ ಓದುವ ದೀಪದ ವೆಚ್ಚಕ್ಕೆಂದೇ ೧೨ ನಿವರ್ತನ ಭೂಮಿಯನ್ನು ಬೇರೆಯಾಗಿ ತೆಗೆದಿಟ್ಟಿದ್ದರು. ಇಷ್ಟಕ್ಕೆ ನಿಲ್ಲಲಿಲ್ಲ. ಊರಿನ ಗೃಹಸ್ಥರು, ತಮ್ಮ ಮನೆಯಲ್ಲಿ ಮದುವೆಯಾದಾಗ ಐದು ನಾಣ್ಯ, ಉಪನಯನವಾದಾಗ ಎರಡೂವರೆ, ಚೌಲವಾದಾಗ ಒಂದೂಕಾಲು ನಾಣ್ಯವನ್ನು ಶಾಲೆಗೆ ಕೊಡುವುದಾಗಿ ಒಪ್ಪಿಕೊಂಡರು. ಶಾಸನದಲ್ಲಿ ಈ ಲೆಕ್ಕವೆಲ್ಲ ಕೆತ್ತಿದೆ.

ಮಂತ್ರಿಯು ಕಟ್ಟಡವನ್ನು ಕಟ್ಟಿಸಿದನು. ಆದರೆ ದೀಪವನ್ನು ಆರದಂತೆ ನೋಡಿಕೊಳ್ಳುವುದರಲ್ಲಿ ಗೃಹಸ್ಥನಿಗೂ ಪಾಲಿದ್ದಿತು. ಐದು ನಾಣ್ಯದಿಂದ ಯಾವ ಮನೆಯೂ ಬಡವಾಗಲಿಲ್ಲ. ಐದೈದು ಕೂಡಿ ಶಾಲೆ ಮಾತ್ರ ನಡೆಯಿತು. ನಮ್ಮ ಲೇಖನದ ತಿರುಳು ಇಷ್ಟೇ. ಉಳಿದುದೆಲ್ಲ ಇದರ ವಿವರಣೆ.

ಇಂದಿನ ಏರ್ಪಾಡು

ಇಂದಿನ ದಿನಗಳಲ್ಲಿ ಸರ್ಕಾರವೇ ವಿದ್ಯಾರ್ಥಿವೇತನಗಳನ್ನು ಕೊಡುತ್ತಿರುವಾಗ ಗೃಹಸ್ಥರಿಗೇಕೆ ಈ ಚಿಂತೆಯೆಂದು ಕೆಲವರು ಕೇಳಬಹುದು. ಸರ್ಕಾರವು ಕೊಡುತ್ತಿರುವುದು ನಿಜ, ಅದನ್ನು ಅಲ್ಲಗಳೆಯಲಾಗದು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ ರಾಷ್ಟ್ರೀಯ ಪರೀಕ್ಷೆಯಲ್ಲಿ ಕಿರಿಯ ಸಂಶೋಧಕರ ವೇತನಕ್ಕೆ ಆಯ್ಕೆಯಾದವರಿಗೆ ೨೦೨೩ರ ಜನವರಿಯಿಂದ ತಿಂಗಳಿಗೆ ೩೭,೦೦೦ ರೂಪಾಯಿ ಗೊತ್ತಾಗಿದೆ. ಇದು ಗೌರವದ ಮೊತ್ತವೇ ಸರಿ. ಆದರೆ ಆ ಪರೀಕ್ಷೆಯಲ್ಲಿ ಈ ವೇತನವನ್ನು ಪಡೆಯುವವರು ಬರೆದವರಲ್ಲಿ ಕೆಲವರೇ. ಉಳಿದವರ ಗತಿಯೇನು?

ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಆ ಪರೀಕ್ಷೆಯ ವೇತನವಿಲ್ಲದೆ ಪಿಎಚ್.ಡಿ.ಗೆ ಸೇರಿದವರಿಗೆ ತಿಂಗಳಿಗೆ ೮,೦೦೦ ರೂಪಾಯಿ ಕೊಡುವ ಏರ್ಪಾಡಾಯಿತು. ೨೦೧೫ರ ಅಕ್ಟೋಬರದಲ್ಲಿ ಅದನ್ನೂ ನಿಲ್ಲಿಸುವ ಮಾತು ಹೊರಟಾಗ, ವಿದ್ಯಾರ್ಥಿಗಳು ದಿಲ್ಲಿಯಲ್ಲಿ ಆಯೋಗದ ಕಚೇರಿಯ ಮುಂದೆ ಹಗಲಿರುಳು ಕುಳಿತು ಹೋರಾಡಿದುದು ಅನೇಕರ ನೆನಪಿನಲ್ಲಿರಬಹುದು. ನಮ್ಮ ಭಾಗದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲೂಕಿನ ಕಡಗಂಚಿಯಲ್ಲಿದೆ. ಅದರ ಸ್ಥಾಪನೆಯಾದುದು ೨೦೦೯ರಲ್ಲಿ. ೧೯೮೦ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾಲಯವಾದರೋ ರಾಜ್ಯಕ್ಕೆ ಸೇರಿದುದು. ಸಮಾಜಕಲ್ಯಾಣದ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳು ಅರ್ಹರಿಗೆ ಪ್ರೋತ್ಸಾಹಧನವನ್ನು ಕೊಡುತ್ತವೆ. ಇವಾವುವೂ ದೊರೆಯದೆ, ಅತಿಥಿ ಉಪನ್ಯಾಸಕರಾಗಿಯೋ ಖಾಸಗಿ ಶಾಲೆಯ ಮಾಸ್ತರಾಗಿಯೋ ದುಡಿಯುತ್ತ ಸಂಶೋಧನೆ ನಡೆಸುವವರೂ ನಮ್ಮಲ್ಲಿದ್ದಾರೆ.

ಇನ್ನು ವೇತನ ದೊರೆತವರ ಚಿಲ್ಲರೆ ವೆಚ್ಚದ ಮಾತು. ಆಯೋಗದ ನಿಯಮದಂತೆ ಪುಸ್ತಕ, ಪ್ರವಾಸ, ನಕಲು ಮೊದಲಾದುವುಗಳ ಸಾದಿಲ್ವಾರು ಹಣವು ಕಲೆ ಹಾಗೂ ಸಮಾಜವಿಷಯಗಳ ವಿದ್ಯಾರ್ಥಿಗೆ ಮೊದಲೆರಡು ವರುಷ ವರುಷಕ್ಕೆ ೧೦,೦೦೦ ರೂಪಾಯಿ, ವಿಜ್ಞಾನದ ವಿದ್ಯಾರ್ಥಿಗೆ ೧೨,೦೦೦ ರೂಪಾಯಿ ಎಂದು ಗೊತ್ತಾಯಿತು. ವಿಜ್ಞಾನಿಗೆ ಪ್ರಯೋಗಶಾಲೆ ಬೇಕು, ಸಾಹಿತ್ಯದವನಿಗೆ ಕಾಗದ ಲೇಖನಿ ಸಾಕು ಎಂಬ ಊಹೆ ಇದರ ಹಿಂದೆ ಇದ್ದೀತು. ಈ ಊಹೆಯು ಪೂರ್ತಿ ಸರಿಯಲ್ಲ. ವಿಜ್ಞಾನಿಯ ಪ್ರಯೋಗಶಾಲೆಯು ಅವನ ಕಾಲೇಜಿನಲ್ಲಿಯೇ ಇರುತ್ತದೆ. ಜನಪದದ, ಇತಿಹಾಸದ ವಿದ್ಯಾರ್ಥಿಯ ಪ್ರಯೋಗಶಾಲೆಯು ಚಿಂಚೋಳಿಯ ತಾಂಡಾಗಳಲ್ಲಿ, ಸೇಡಮಿನ ಬಸದಿಗಳಲ್ಲಿ, ತಾರನಾಕಾದ ಪತ್ರಾಗಾರದಲ್ಲಿ ಹರಡಿಕೊಂಡಿರುತ್ತದೆ. ಅವನ ಉಪಕರಣವೆಂದರೆ ಬಸ್ಸಿನ ಚೀಟಿ.

ಈ ಕೊರತೆಯನ್ನು ತುಂಬಲು ಬೇರೆ ಕೆಲವು ಸಂಸ್ಥೆಗಳಿವೆ. ೧೯೬೯ರಲ್ಲಿ ಹುಟ್ಟಿದ ಭಾರತೀಯ ಸಮಾಜವಿಜ್ಞಾನ ಸಂಶೋಧನ ಪರಿಷತ್ತು, ೧೯೭೨ರಲ್ಲಿ ಹುಟ್ಟಿದ ಭಾರತೀಯ ಇತಿಹಾಸ ಸಂಶೋಧನ ಪರಿಷತ್ತು ಇವೆರಡೂ ಸಂಶೋಧಕರಿಗೆ ವೇತನವನ್ನು ಕೊಡುತ್ತವೆ. ಬೆಂಗಳೂರಿನಲ್ಲಿ ೧೯೯೩ರಲ್ಲಿ ಸ್ಥಾಪಿತವಾದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಎಂಬ ಸಂಸ್ಥೆಯು ಕಲೆಗಳ ಸಂಶೋಧನೆಗೆ ಸಹಾಯ ಮಾಡುತ್ತದೆ. ಮನೆಗೆ ಒಬ್ಬಳೇ ಮಗಳಾದ ಸಂಶೋಧಕಿಯರಿಗಾಗಿ ಧನಸಹಾಯ ಆಯೋಗವು ಸಾವಿತ್ರಿಬಾಯಿ ಫುಲೆಯವರ ಹೆಸರಿನ ವೇತನವನ್ನು ಇಟ್ಟಿದೆ. ಒಬ್ಬಳೇ ಮಗಳಿರುವ ತಂದೆತಾಯಿಗಳು ಇದನ್ನು ಗುರುತಿಟ್ಟುಕೊಳ್ಳುವುದು ಒಳ್ಳೆಯದು. ಕಡಲಾಚೆಯ ಒಂದು ಉದಾಹರಣೆಯೂ ಉಂಟು. ಕಲಕತ್ತೆಯಲ್ಲಿ ವ್ಯಾಪಾರದಿಂದ ಧನವನ್ನು ಗಳಿಸಿ ೧೯೧೬ರಲ್ಲಿ ತೀರಿಕೊಂಡ ಚಾರ್ಲ್ಸ್ ವ್ಯಾಲೇಸ್ ಎಂಬ ಆಂಗ್ಲ ಗೃಹಸ್ಥನು ಬಿಟ್ಟುಹೋದ ಆಸ್ತಿಯಿಂದ, ೧೯೮೧ರಲ್ಲಿ ಒಂದು ನಿಧಿಯು ಏರ್ಪಟ್ಟಿತು. ಭಾರತದ ಸಂಶೋಧನ ವಿದ್ಯಾರ್ಥಿಗಳು ಕೆಲವೇ ವಾರಗಳ ಮಟ್ಟಿಗೆ ಬ್ರಿಟನ್ನಿನ ಗ್ರಂಥಾಲಯಗಳಿಗೆ ಹೋಗಿ ಬೇಕಾದ ಕಾಗದಗಳನ್ನು ನೋಡಿಬರಲು ಆ ನಿಧಿಯು ಚಿಕ್ಕ ಚಿಕ್ಕ ಸಹಾಯಧನಗಳನ್ನು ಕೊಡುತ್ತ ಬಂದಿದೆ. ನಮ್ಮ ಮಣ್ಣಿನಲ್ಲಿ ಗಳಿಸಿದ ಹಣದ ಒಂದಂಶವು ನಮ್ಮ ಮಕ್ಕಳ ವಿದ್ಯೆಗೆ ಹೀಗೆ ಮರಳಿ ಬಂದಂತಾಯಿತು.

ಆದರೆ ಲಂಡನ್ನಿಗೆ ಹೋಗಲು ಸಹಾಯ ದೊರೆತರೂ, ಚಿಂಚೋಳಿಯಿಂದ ಶಹಾಬಾದಕ್ಕೆ ಹೋಗಲು ದೊರೆಯದೆಂಬುದೇ ವಿಚಿತ್ರ. ದೂರದ ದಾರಿಗೆ ನಿಧಿಯುಂಟು, ಹತ್ತಿರದ ದಾರಿಗೆ ಇಲ್ಲ. ಈ ಹತ್ತಿರದ ದಾರಿಯೇ ಗೃಹಸ್ಥರ ಪಾಲಿನ ಕೆಲಸ.

‘ಇದರಿಂದೇನು ಹೊಟ್ಟೆ ತುಂಬೀತೇ?’

ಇಂತಹ ಓದಿನಿಂದ ಹೊಟ್ಟೆ ತುಂಬುವುದೇ ಎಂಬ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಮಗಳನ್ನೋ ಮಗನನ್ನೋ ಸಂಶೋಧನೆಗೆ ಬಿಟ್ಟು ಐದಾರು ವರುಷ ಗಳಿಕೆಯಿಲ್ಲದೆ ಕಳೆಯುವುದು ಬಡಮನೆಗೆ ಭಾರವೇ ಸರಿ. ಆದರೆ ಆ ಓದು ಇಲ್ಲದಿದ್ದರೆ ನಾವು ಕಳೆದುಕೊಳ್ಳುವುದೇನೆಂಬುದನ್ನೂ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಟ್ಟು ನೋಡಬೇಕು.

ಚಿತ್ತಾಪುರ ತಾಲೂಕಿನ ಭೀಮಾತೀರದ ಸನ್ನತಿಯನ್ನೇ ನೋಡಿರಿ. ಚಂದ್ರಲಾಂಬೆಯ ಗುಡಿಯ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಳಿಗೆಯು ೧೯೮೬ರಲ್ಲಿ ಕುಸಿಯಿತು. ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲು ಹೊರಬಿದ್ದಾಗ, ಅದರ ಮೇಲೆ ಬ್ರಾಹ್ಮಿಯ ಅಕ್ಷರಗಳಿದ್ದುವು. ಅವು ಅಶೋಕಚಕ್ರವರ್ತಿಯ ಧರ್ಮಲಿಪಿಗಳಾಗಿದ್ದುವು. ಎಷ್ಟೋ ಶತಮಾನ ಜನರು ಆ ಪೀಠಕ್ಕೆ ಕೈಮುಗಿದರು. ಅದರ ಮೇಲಿನ ಮಾತನ್ನು ಯಾರೂ ಕೇಳಲಿಲ್ಲ. ನೆರೆಯ ಕನಗನಹಳ್ಳಿಯಲ್ಲಿ ೧೯೯೪ರಿಂದ ನಡೆದ ಉತ್ಖನನದಲ್ಲಿ ಬೌದ್ಧಸ್ತೂಪವೂ, ‘ರಾಯೋ ಅಸೋಕೋ’ ಎಂದು ಹೆಸರು ಕೆತ್ತಿದ ಅಶೋಕನ ಶಿಲ್ಪವೂ ಬೆಳಕಿಗೆ ಬಂದುವು. ಆ ಎರಡು ಪದಗಳನ್ನು ಓದಿ ಹೇಳಲು ಪ್ರಾಕೃತ ಬಲ್ಲವರು, ಬ್ರಾಹ್ಮಿ ಬಲ್ಲವರು ಇರಬೇಕಾಗಿತ್ತು. ಅವರನ್ನು ಎಲ್ಲಿಯೋ ಯಾರೋ ಅನ್ನವಿಟ್ಟು ಓದಿಸಿದ್ದರಿಂದಲೇ ಅವರು ಇದ್ದರು. ಓದುವವರಿಲ್ಲದ ಊರಿನಲ್ಲಿ ಶಾಸನವೂ ಫರಸಿಯೂ ಒಂದೇ. ಎರಡನ್ನೂ ಮೆಟ್ಟಿಲಿಗೆ ಹಾಕುವರು. ನಾಗಾವಿಯ ಶಾಸನಗಳಾದರೂ ೧೯೨೮ರಲ್ಲಿ ಹೈದರಾಬಾದಿನ ಪುರಾತತ್ತ್ವ ಇಲಾಖೆಯ ಗ್ರಂಥಮಾಲೆಯಲ್ಲಿ ಅಚ್ಚಾದುದರಿಂದಲೇ ಲೋಕಕ್ಕೆ ತಿಳಿದುವು.

ಸಹಾಯ ದೊರೆಯದೆ ಹೋದರೆ ವಿದ್ವಾಂಸನ ಮನೆಯೇ ಆ ಭಾರವನ್ನು ಹೊರಬೇಕಾಗುತ್ತದೆ. ವಚನಸಾಹಿತ್ಯವನ್ನು ತಾಳೆಗರಿಗಳಿಂದ ಹುಡುಕಿ ಹೊರತೆಗೆದ ಫ. ಗು. ಹಳಕಟ್ಟಿಯವರ ಚರಿತ್ರೆಯನ್ನು ಅರಿಯದ ಕನ್ನಡಿಗರಿಲ್ಲ. ಅವರ ವಚನಶಾಸ್ತ್ರಸಾರದ ಮೊದಲ ಭಾಗವು ಪ್ರಕಟವಾದುದು ೧೯೨೩ರಲ್ಲಿ. ವಚನಗಳನ್ನು ಅಚ್ಚುಹಾಕುವುದಕ್ಕಾಗಿ ಅವರು ವಿಜಯಪುರದಲ್ಲಿ ತಮ್ಮ ಮನೆಯನ್ನೇ ಮಾರಿ ಮುದ್ರಣಾಲಯವನ್ನು ಮಾಡಿದರು. ಅಂತಹ ತ್ಯಾಗವನ್ನು ನಾವು ಸಭೆಗಳಲ್ಲಿ ಕೊಂಡಾಡುತ್ತೇವೆ. ಕೊಂಡಾಡುವುದು ತಪ್ಪಲ್ಲ. ಆದರೆ ಆ ಮಹನೀಯರು ಮನೆ ಮಾರಬೇಕಾಗಿ ಬಂದುದಕ್ಕೆ ನಾಡಿನ ಮನೆಗಳೆಲ್ಲ ನಾಚ ಬೇಡವೇ? ನಮ್ಮ ಎದುರಿನ ಹುಡುಗಿಯ ಸೋದರತ್ತೆಯು ಕುರಿ ಮಾರಿದುದೂ ಅದೇ ಜಾತಿಯ ತ್ಯಾಗ. ಒಬ್ಬರು ಎಲ್ಲವನ್ನೂ ಕೊಡಬೇಕಾಗಿ ಬರುವುದು, ಉಳಿದವರು ಏನನ್ನೂ ಕೊಡದಿದ್ದಾಗ.

ಮಾಡತಕ್ಕುದೇನು?

ನಮ್ಮ ಸೂಚನೆಯು ಬಹಳ ಸರಳವಾದುದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಐದು ಊರುಗಳಲ್ಲಿ ಒಂದೊಂದರಲ್ಲಿಯೂ ಒಂದೊಂದು ಚಿಕ್ಕ ನಿಧಿಯಿರಲಿ. ಒಂದು ಲಕ್ಷ ರೂಪಾಯಿಯ ಮೂಲಧನವನ್ನು ನೂರಕ್ಕೆ ಆರರಂತೆ ಬ್ಯಾಂಕಿನಲ್ಲಿಟ್ಟರೆ ವರುಷಕ್ಕೆ ಆರು ಸಾವಿರ ಬಡ್ಡಿಯಾಗುತ್ತದೆ. ಮೂಲಧನವನ್ನು ಮುಟ್ಟದೆಯೇ ವರುಷಕ್ಕೆ ಒಬ್ಬ ವಿದ್ಯಾರ್ಥಿಯ ಹೈದರಾಬಾದಿನ ದಾರಿ ಸಾಗಿತು! ಐವತ್ತು ಮನೆಗಳು ಎರಡೆರಡು ಸಾವಿರ ಕೊಟ್ಟರೆ ಲಕ್ಷವಾಯಿತು. ಆ ಮೇಲೆ ಮದುವೆ, ಗೃಹಪ್ರವೇಶ, ತೊಟ್ಟಿಲು, ಹಿರಿಯರ ಪುಣ್ಯತಿಥಿ ಇವುಗಳಲ್ಲಿ ಶಕ್ತ್ಯನುಸಾರವಾಗಿ ಕೂಡಿಸುತ್ತ ಹೋದರೆ ನಿಧಿಯು ತಾನಾಗಿ ಬೆಳೆಯುವುದು. ಹಿರಿಯರ ಹೆಸರಿನಲ್ಲಿ ಮೂಲಧನವನ್ನಿಟ್ಟು ಅದರ ಬಡ್ಡಿಯಿಂದ ದತ್ತಿ ಉಪನ್ಯಾಸಗಳನ್ನು ಏರ್ಪಡಿಸುವ ಪದ್ಧತಿಯನ್ನು ಕನ್ನಡ ಸಾಹಿತ್ಯ ಪರಿಷತ್ತು ನಮಗೆ ಆಗಲೇ ಕಲಿಸಿದೆ. ಉಪನ್ಯಾಸ ಮಾಡುವವರು ಎಲ್ಲಿಂದ ಹುಟ್ಟಬೇಕು? ಸಂಶೋಧನೆಯಿಂದಲ್ಲವೇ? ದತ್ತಿಯ ಕಾಲುಭಾಗವಾದರೂ ಬೇರಿಗೆ ನೀರಾಗಲಿ.

ನಿಧಿಯನ್ನು ನಡೆಸುವವರು ಕೆಲವು ನಿಯಮಗಳನ್ನು ಇಟ್ಟುಕೊಳ್ಳುವುದು ಲೇಸು. ಮೊದಲನೆಯದು, ಕೇಳಿದ ಒಂದು ತಿಂಗಳೊಳಗೆ ಕೊಡುವುದು, ಇಲ್ಲವೆ ಇಲ್ಲವೆಂದು ಹೇಳುವುದು. ಹತ್ತು ಸಾವಿರವನ್ನು ತಡವಾಗಿ ಕೊಡುವುದಕ್ಕಿಂತ ಒಂದು ಸಾವಿರವನ್ನು ಸಮಯಕ್ಕೆ ಕೊಡುವುದು ಮೇಲು. ಎರಡನೆಯದು, ಒಬ್ಬ ಅಧ್ಯಾಪಕರು, ಒಬ್ಬ ನಿವೃತ್ತ ಮಾಸ್ತರರು, ಒಬ್ಬ ಗೃಹಿಣಿ ಹೀಗೆ ಮೂವರೇ ಕುಳಿತು ತೀರ್ಮಾನಿಸುವುದು. ಜಾತಿಯನ್ನೂ ಪಕ್ಷವನ್ನೂ ಕೇಳದಿರುವುದು. ಮೂರನೆಯದು, ಹಣವನ್ನು ವಿದ್ಯಾರ್ಥಿಯ ಸ್ವಂತ ಖಾತೆಗೆ ನೇರವಾಗಿ ಸಲ್ಲಿಸುವುದು. ಶಾಲು ಹಾರ ಭಾವಚಿತ್ರಗಳ ಸಮಾರಂಭಕ್ಕೆ ಅದರಲ್ಲಿ ಒಂದು ಕಾಸನ್ನೂ ವೆಚ್ಚಮಾಡದಿರುವುದು. ನಾಲ್ಕನೆಯದು, ಕೆಲಸವಾದ ಮೇಲೆ ವಿದ್ಯಾರ್ಥಿಯಿಂದ ಎರಡು ಪುಟದ ವರದಿಯನ್ನೂ, ಸಂಗ್ರಹಿಸಿದ ಹಾಡು ಕಥೆ ಶಾಸನಗಳ ಒಂದು ಪ್ರತಿಯನ್ನೂ ಪಡೆದು ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿಡುವುದು. ಆಗ ನಾಗಾವಿಯ ಸರಸ್ವತೀಭಂಡಾರವು ಐದು ಊರುಗಳಲ್ಲಿ ಮತ್ತೆ ಹುಟ್ಟಿದಂತಾಗುವುದು.

ವಿದ್ಯಾರ್ಥಿಗಳಿಗೂ ಎರಡು ಮಾತು. ಸಹಾಯವನ್ನು ಬೇಡುವ ಅರ್ಜಿಯಲ್ಲಿ ಲೋಕೋದ್ಧಾರದ ಮಾತುಗಳು ಬೇಡ. ಯಾವ ವಸ್ತುವನ್ನು ನೋಡಬೇಕು, ಅದು ಎಲ್ಲಿದೆ, ಎಷ್ಟು ದಿನ ಬೇಕು, ಪ್ರತಿಯೊಂದಕ್ಕೂ ಎಷ್ಟು ತಗಲುವುದು, ಆ ವಸ್ತುವನ್ನು ನೋಡದೆ ಹೋದರೆ ಪ್ರಬಂಧದ ಯಾವ ಅಧ್ಯಾಯವು ನಿಲ್ಲುವುದು, ಇಷ್ಟನ್ನು ಒಂದೇ ಪುಟದಲ್ಲಿ ಬಿಡಿಬಿಡಿಯಾಗಿ ಬರೆದರೆ ಸಾಕು. ಲೆಕ್ಕವನ್ನು ಹಿಗ್ಗಿಸಲೂ ಬೇಡ, ಸಂಕೋಚದಿಂದ ಕುಗ್ಗಿಸಲೂ ಬೇಡ. ಮಾರ್ಗದರ್ಶಕರ ಪತ್ರವನ್ನು ಮೊದಲೇ ಪಡೆದುಕೊಳ್ಳತಕ್ಕದ್ದು. ಪ್ರತಿಯೊಂದು ಚೀಟಿಯನ್ನೂ ಜೋಪಾನವಾಗಿಟ್ಟು, ಉಳಿದ ಹಣವಿದ್ದರೆ ಮರಳಿಸತಕ್ಕದ್ದು. ಹಾಡಿದವರಿಗೂ ಕಥೆ ಹೇಳಿದವರಿಗೂ ಕೊಡುವ ಕಾಣಿಕೆಯನ್ನು ಅಂದಾಜಿನಲ್ಲಿ ತಪ್ಪದೆ ಸೇರಿಸತಕ್ಕದ್ದು. ಬಡವಳ ಒಂದು ದಿನದ ಕೂಲಿಯನ್ನು ತಪ್ಪಿಸಿ ಪಡೆದ ಹಾಡಿನಿಂದ ಪದವಿ ಬಂದರೆ, ಆ ಪದವಿಯಲ್ಲಿ ಅವಳ ಋಣವುಳಿಯುವುದು.

ತಂದೆತಾಯಿಗಳಲ್ಲಿಯೂ ಒಂದು ಬಿನ್ನಹ. ‘ಹುಡುಗಿ ಒಬ್ಬಳೇ ಪರಸ್ಥಳಕ್ಕೆ ಹೋಗುವುದೆಂತು?’ ಎಂಬ ಹೆದರಿಕೆಯು ಸಹಜ. ಆದರೆ ನಿಧಿಯೊಂದು ಇದ್ದು, ಊರ ಹಿರಿಯರ ಪತ್ರವೊಂದು ಕೈಯಲ್ಲಿದ್ದು, ಉಳಿಯಲು ಯೋಗ್ಯವಾದ ಸ್ಥಳಕ್ಕೆ ಹಣವಿದ್ದರೆ ಆ ಹೆದರಿಕೆಯ ಅರ್ಧವು ತಾನಾಗಿ ಕರಗುವುದು. ಅನೇಕ ಹೆಣ್ಣುಮಕ್ಕಳ ಸಂಶೋಧನೆಯು ನಿಲ್ಲುವುದು ಬುದ್ಧಿಯ ಕೊರತೆಯಿಂದಲ್ಲ; ರಾತ್ರಿ ತಂಗಲು ತಕ್ಕ ಕೊಠಡಿಯ ಬಾಡಿಗೆಯಿಲ್ಲದುದರಿಂದ.

ಗಾಡಿಯು ಸೇಡಮನ್ನು ಮುಟ್ಟಿತು. ನಾವು ಇಳಿಯುವಾಗ ಆ ಹುಡುಗಿಯ ಕೈಯಲ್ಲಿ ನಮಗಾದುದನ್ನು ಇಡಹೋದೆವು. ಅವಳು ತೆಗೆದುಕೊಳ್ಳಲಿಲ್ಲ. “ನನಗ ಈಗ ನಡೀತದರಿ ಕಾಕಾ. ನನ್ನ ಹಿಂದ ಬರೋರಿಗಿ ಏನರೆ ಮಾಡ್ರಿ,” ಎಂದು ಕೈಮುಗಿದಳು. ಗಾಡಿ ತಾಂಡೂರಿನ ಕಡೆಗೆ ಹೊರಟುಹೋಯಿತು. ನಾವು ಬಹಳ ಹೊತ್ತು ಅಲ್ಲಿಯೇ ನಿಂತಿದ್ದೆವು.

ಆ ಮೇಲೆ ಅವಳಿಂದ ಒಂದು ಪತ್ರ ಬಂದಿತು. ಪತ್ರಾಗಾರದ ಅನುಮತಿ ಪಡೆಯುವುದರಲ್ಲಿಯೇ ಮೂರು ದಿನ ಕಳೆದುವೆಂದೂ, ಉಳಿದ ದಿನಗಳಲ್ಲಿ ಎರಡು ಪುಸ್ತಕ ತುಂಬ ನಕಲು ಮಾಡಿಕೊಂಡಳೆಂದೂ, ಇನ್ನೊಮ್ಮೆ ಹೋಗಬೇಕಾಗಿದೆಯೆಂದೂ ಬರೆದಿದ್ದಳು. ಅತ್ತೆಯ ಕಡವು ಇನ್ನೂ ತೀರಿಲ್ಲ. ಶಹಾಬಾದದ ಆ ಮುದುಕಿಯ ಹಾಡುಗಳಂತೂ ಯಾವ ಪತ್ರಾಗಾರದಲ್ಲಿಯೂ ದೊರೆಯಲಾರವು. ಆದರೆ ಇನ್ನೂ ಹಾಡಬಲ್ಲ ಮುದುಕಿಯರು ನಮ್ಮ ಊರುಗಳಲ್ಲಿ ಇದ್ದಾರೆ. ಅವರ ಬಳಿ ಕುಳಿತು ಕೇಳಬಲ್ಲ ಮಕ್ಕಳೂ ನಮ್ಮ ಮನೆಗಳಲ್ಲಿ ಇದ್ದಾರೆ. ಇವರಿಬ್ಬರ ನಡುವಿನ ದಾರಿಯ ವೆಚ್ಚವಷ್ಟೇ ಬೇಕಾಗಿರುವುದು.

ಮುಂದಿನ ಮಂಗಳಕಾರ್ಯದ ಪಟ್ಟಿಯನ್ನು ಬರೆಯಲು ಕುಳಿತಾಗ ವಾಚಕರು ಸಾಲೋಟಗಿಯ ಗೃಹಸ್ಥರನ್ನು ಒಮ್ಮೆ ನೆನೆಯಲಿ. ಕಡೆಯ ಸಾಲನ್ನು ಬರೆದ ಮೇಲೆಯೇ ಲೇಖನಿಯನ್ನು ಕೆಳಗಿಡಲಿ.